ಬ್ರೌಸರಿನ ಅರ್ಜಿಯೂ ಸರ್ವರಿನ ದಾಖಲೆಯೂ

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮ ಹಿರಿಯರ ಮಾತು. ನ್ಯಾಯಸ್ಥಾನಕ್ಕೂ ಸಂತೆಯ ವ್ಯಾಪಾರಕ್ಕೂ ಒಪ್ಪುವ ಈ ಗಾದೆ ಇಂದಿನ ಜಾಲತಾಣಗಳ ರಚನೆಗೂ ಅಷ್ಟೇ ಒಪ್ಪುತ್ತದೆಂದು ನನ್ನ ನಂಬಿಕೆ. ವಿದ್ಯಾರ್ಥಿವೇತನದ ಅರ್ಜಿ, ಕಾಲೇಜಿನ ಪ್ರವೇಶ, ಪರೀಕ್ಷೆಯ ಶುಲ್ಕ ಇವೆಲ್ಲವೂ ಈಗ ಜಾಲತಾಣಗಳ ಮೂಲಕ ನಡೆಯುತ್ತಿರುವಾಗ, ಇದು ಗಣಕ ವಿಜ್ಞಾನದವರ ವಿಷಯವೆಂದು ಕಲಾ ವಿಭಾಗದ ನಾವು ಸುಮ್ಮನಿರುವುದು ಸರಿಯಲ್ಲ.

ಬ್ರೌಸರ್ ನಮ್ಮ ಕೈಯ ಯಂತ್ರದಲ್ಲಿದೆ. ಸರ್ವರ್ ದೂರದ ಇನ್ನೊಂದು ಯಂತ್ರದಲ್ಲಿದೆ. ಇವೆರಡರ ಮಾತುಕತೆಗೆ ಇರುವ ನಿಯಮವೇ ಎಚ್.ಟಿ.ಟಿ.ಪಿ. ಈ ನಿಯಮಕ್ಕೆ ನೆನಪೆಂಬುದಿಲ್ಲ. ಒಂದು ಕೋರಿಕೆಗೂ ಮುಂದಿನದಕ್ಕೂ ಅದು ಸಂಬಂಧ ಕಲ್ಪಿಸುವುದಿಲ್ಲ. ಈ ಕೊರತೆಯನ್ನು ನೀಗಿಸಲು ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಲೂ ಮಾಂಟುಲಿಯವರು ೧೯೯೪ರಲ್ಲಿ ‘ಕುಕಿ’ಯನ್ನು ರೂಪಿಸಿದರು. ಹಿಂದೆ ಬ್ಯಾಂಕುಗಳಲ್ಲಿ ಕೊಡುತ್ತಿದ್ದ ಹಿತ್ತಾಳೆಯ ಬಿಲ್ಲೆಯನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಬಂದವರ ಕೈಯಲ್ಲಿ ಇರುತ್ತಿದ್ದುದು ಸಂಖ್ಯೆ ಮಾತ್ರ. ಲೆಕ್ಕವೆಲ್ಲ ಒಳಗಿನ ಪುಸ್ತಕದಲ್ಲಿ. ಆ ಪುಸ್ತಕದ ಪುಟದಂತಿರುವುದೇ ಸೆಷನ್.

ಹೊಸದಾಗಿ ಕಲಿಯುವವರು ಇಲ್ಲೊಂದು ಕಡೆ ಎಡವುತ್ತಾರೆ. ಪಿ.ಎಚ್.ಪಿ.ಯನ್ನೂ ಜಾವಾಸ್ಕ್ರಿಪ್ಟನ್ನೂ ಒಂದೇ ಕಡತದಲ್ಲಿ ಬರೆಯಬಹುದಾದುದರಿಂದ, ಎರಡೂ ಒಟ್ಟಿಗೆ ನಡೆಯುತ್ತವೆಂದು ಭಾವಿಸುತ್ತಾರೆ. ಹಾಗಲ್ಲ. ಪಿ.ಎಚ್.ಪಿ. ಸರ್ವರಿನಲ್ಲಿ ತನ್ನ ಕೆಲಸ ಮುಗಿಸಿ ಪುಟವನ್ನು ಕಳುಹಿಸಿದ ಮೇಲೆಯೇ ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟಿನ ಕೆಲಸ ಮೊದಲಾಗುವುದು. ಆದುದರಿಂದ ಬ್ರೌಸರಿನಲ್ಲಿ ಹುಟ್ಟಿದ ವಿಷಯ ಸೆಷನ್ನಿಗೆ ಸೇರಬೇಕಾದರೆ ಹೊಸ ಕೋರಿಕೆಯ ಮೂಲಕವೇ ಹೋಗಬೇಕು. ಕುಕಿ ಆ ತಾಣಕ್ಕೆ ಹೋಗುವ ಕೋರಿಕೆಯೊಡನೆ ತಾನಾಗಿಯೇ ಹೋಗುತ್ತದೆ; ಲೋಕಲ್ ಸ್ಟೋರೇಜಿನಲ್ಲಿ ಇಟ್ಟದ್ದು ನಾವು ಕಳುಹಿಸಿದ ಹೊರತು ಹೋಗುವುದಿಲ್ಲ.

ಹೀಗೆ ಬಂದ ಮಾತನ್ನು ಸರ್ವರ್ ಏನು ಮಾಡಬೇಕೆಂಬುದೇ ಮುಖ್ಯ ಪ್ರಶ್ನೆ. ಬಂದುದನ್ನು ಬಂದಂತೆಯೇ ಸೆಷನ್ನಿನಲ್ಲಿ ಬರೆದುಕೊಳ್ಳುವವರುಂಟು. ಇದು ಅಪಾಯಕರ. ಪರೀಕ್ಷಾ ಶುಲ್ಕದ ಮೊತ್ತವನ್ನು ಪುಟದಲ್ಲಿ ಕಣ್ಣಿಗೆ ಕಾಣದ ಅಂಕಣವೊಂದರಲ್ಲಿ ಇಟ್ಟಿದ್ದಾರೆನ್ನೋಣ. ಬ್ರೌಸರಿನಲ್ಲೇ ಇರುವ ಸಲಕರಣೆಗಳಿಂದ ಐನೂರನ್ನು ಐದೆಂದು ತಿದ್ದಲು ಒಂದು ನಿಮಿಷವೂ ಬೇಡ. ಒಮ್ಮೆ ಸೆಷನ್ನಿಗೆ ಸೇರಿದ ಸುಳ್ಳನ್ನು ಮುಂದಿನ ಪುಟಗಳೆಲ್ಲ ನಿಜವೆಂದೇ ನಂಬುತ್ತವೆ. ಆದಕಾರಣ ಶುಲ್ಕವೆಷ್ಟು, ಅರ್ಜಿದಾರರು ಯಾರು, ಅವರ ಅಧಿಕಾರವೇನು ಎಂಬುದನ್ನು ಸರ್ವರ್ ತನ್ನ ಕಡತದಿಂದಲೇ ತಿಳಿಯತಕ್ಕದ್ದು. ಬ್ರೌಸರಿನಲ್ಲಿ ಮೊದಲೇ ಪರೀಕ್ಷಿಸಿದ್ದೇವಲ್ಲ ಎಂಬ ಸಮಾಧಾನ ಸಾಲದು. ಆ ಪರೀಕ್ಷೆ ಬಳಸುವವರ ಅನುಕೂಲಕ್ಕೆ ಮಾತ್ರ.

ಹಾಗಾದರೆ ಬ್ರೌಸರಿನಲ್ಲಿ ಏನನ್ನೂ ಇಡಬಾರದೆ ಎಂದು ಕೆಲವರು ಕೇಳಬಹುದು. ಅದೂ ಅತಿಯಾಯಿತು. ಪಿ.ಎಚ್.ಪಿ.ಯ ಮೂಲ ಏರ್ಪಾಟಿನಂತೆ ೧೪೪೦ ಸೆಕೆಂಡು, ಅಂದರೆ ೨೪ ನಿಮಿಷ, ಬಳಕೆಯಿಲ್ಲದೆ ಉಳಿದ ಸೆಷನ್ ಕಸದೊಡನೆ ಗುಡಿಸಿಹೋಗಬಹುದು. ಕೊನೆಯ ದಿನ ಹಳ್ಳಿಯಿಂದ ಬಂದು ಸೈಬರ್ ಸೆಂಟರಿನಲ್ಲಿ ಕುಳಿತ ವಿದ್ಯಾರ್ಥಿನಿ, ಆದಾಯ ಪ್ರಮಾಣಪತ್ರದ ಸಂಖ್ಯೆಗಾಗಿ ಮನೆಗೆ ಫೋನು ಮಾಡಿ ಕಾಯುವಷ್ಟರಲ್ಲಿ ಆ ಅವಧಿ ಕಳೆದುಹೋಗುತ್ತದೆ. ಗುಂಡಿ ಒತ್ತಿದರೆ ಬರೆದುದೆಲ್ಲ ಮಾಯ! ಆಕೆ ಕಳೆದುಕೊಳ್ಳುವುದು ಬರಿಯ ಅಕ್ಷರಗಳನ್ನಲ್ಲ, ಒಂದು ವರ್ಷದ ವಿದ್ಯಾರ್ಥಿವೇತನವನ್ನು. ಬರೆಯುತ್ತಿರುವ ಕರಡನ್ನು ಬ್ರೌಸರ್ ಕಾಯ್ದಿಟ್ಟಿದ್ದರೆ ಈ ನಷ್ಟವೇ ಇರುತ್ತಿರಲಿಲ್ಲ.

ಆದರೆ ಅಲ್ಲಿಯೂ ವಿವೇಚನೆ ಬೇಕು. ಲೋಕಲ್ ಸ್ಟೋರೇಜಿನಲ್ಲಿ ಇಟ್ಟದ್ದು ಸಾಮಾನ್ಯವಾಗಿ ಬ್ರೌಸರ್ ಮುಚ್ಚಿದ ಮೇಲೂ ಉಳಿಯುತ್ತದೆ. ಹತ್ತು ಜನ ಬಳಸುವ ಯಂತ್ರದಲ್ಲಿ ಆಧಾರ್ ಸಂಖ್ಯೆಯನ್ನೋ ಬ್ಯಾಂಕಿನ ಖಾತೆಯನ್ನೋ ಹಾಗೆ ಬಿಟ್ಟುಹೋಗುವುದು ಬೀದಿಯಲ್ಲಿ ಚೀಟಿ ಎಸೆದಂತೆ. ಅಂಥ ವಿಷಯಗಳನ್ನು ಬಿಟ್ಟು ಉಳಿದ ಕರಡನ್ನು ಸೆಷನ್ ಸ್ಟೋರೇಜಿನಲ್ಲಿಡುವುದು ಮೇಲು. ಪುಟದ ಟ್ಯಾಬನ್ನು ಮುಚ್ಚಿದರೆ ಅದು ಅಳಿಯುತ್ತದೆ. ಗುರುತು ಸಿದ್ಧವಾದ ಮೇಲೆ ಕರಡನ್ನು ಸರ್ವರಿನ ಕಡತಕ್ಕೆ ಒಪ್ಪಿಸಿ, ಬ್ರೌಸರಿನ ಪ್ರತಿಯನ್ನು ಅಳಿಸಬೇಕು.

ಇಷ್ಟೆಲ್ಲ ಮಾಡುವುದು ಶ್ರಮವೆಂದು ತೋರಬಹುದು. ಆದರೆ ಆ ಶ್ರಮವನ್ನು ತಾಣ ಕಟ್ಟುವ ಕೆಲವರು ವಹಿಸದಿದ್ದರೆ, ಅದನ್ನು ಬಳಸುವ ಸಾವಿರಾರು ಜನ ವಹಿಸಬೇಕಾಗುತ್ತದೆ. ನಮ್ಮಲ್ಲಿ ಕೆಲವರು ನಾಳೆ ಇಂಥ ತಾಣಗಳನ್ನು ಕಟ್ಟುವರು. ಇನ್ನು ಕೆಲವರು ಕಚೇರಿಗಳಲ್ಲಿ ಕುಳಿತು ಕಟ್ಟಿಸುವರು. ಬ್ರೌಸರಿನಿಂದ ಬಂದದ್ದನ್ನು ಅರ್ಜಿಯೆಂದು ಗೌರವದಿಂದ ಸ್ವೀಕರಿಸಿ, ವಿಚಾರಿಸಿದ ಬಳಿಕವೇ ದಾಖಲೆ ಮಾಡುವ ಪದ್ಧತಿಯನ್ನು ಅವರು ಬಿಡದೆ ಪಾಲಿಸಲಿ ಎಂಬುದೇ ನನ್ನ ಹಾರೈಕೆ.