ಆಷಾಢದ ಜಮಾಖರ್ಚು

ಮಲೆನಾಡಿನ ಕೃಷಿಕ ಕುಟುಂಬಗಳ ಪಾಲಿಗೆ ಆಷಾಢವೆಂದರೆ ಕೈ ಬರಿದಾಗುವ ಕಾಲ. ಹಿಂದಿನ ಕೊಯ್ಲಿನ ಅಡಿಕೆ ಮಂಡಿ ಸೇರಿ, ಅದರ ಹಣ ಮಾರ್ಚ್ ತಿಂಗಳೊಳಗೆ ಸಹಕಾರಿ ಸಂಘದ ಬೆಳೆಸಾಲಕ್ಕೆ ಜಮೆಯಾಗಿ, ಉಳಿದದ್ದು ಬೇಸಿಗೆಯ ಮದುವೆ-ಮುಂಜಿಗಳಲ್ಲಿ ಕರಗಿಹೋಗಿರುತ್ತದೆ. ಮುಂದಿನ ಕೊನೆಕೊಯ್ಲಿಗೆ ಕಾರ್ತಿಕದವರೆಗೂ ಕಾಯಬೇಕು. ಈ ನಡುವೆಯೇ ಮಕ್ಕಳ ಶಾಲೆಯ ಶುಲ್ಕ, ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಖರ್ಚು, ಮಳೆಗಾಲದ ಜ್ವರ-ಕೆಮ್ಮಿನ ಔಷಧಿ ಎಲ್ಲವೂ ಒಟ್ಟಿಗೇ ಬಂದು ನಿಲ್ಲುತ್ತವೆ. ಕಿರಾಣಿ ಅಂಗಡಿಯ ಕಡದ ಪುಸ್ತಕ ದಪ್ಪವಾಗುತ್ತದೆ. ‘ಅಡಿಕೆ ಆದಮೇಲೆ ನೋಡೋಣ’ ಎಂಬ ಮಾತು ಮನೆಮನೆಯಲ್ಲೂ ಕೇಳಿಬರುತ್ತದೆ. ಹೀಗೆ ವರ್ಷಕ್ಕೊಮ್ಮೆ ತಾನಾಗಿ ಬಂದೆರಗುವ ಬಿಗಿತವನ್ನು ಮನೆಗಳು ತಾವಾಗಿಯೇ, ತಿಳಿದು, ಅವಧಿಯೊಂದನ್ನು ಗೊತ್ತುಮಾಡಿಕೊಂಡು ಆಚರಿಸಿದರೆ ಹೇಗೆ?

ಅನಿವಾರ್ಯದ ಮಿತವ್ಯಯಕ್ಕೂ ಆಯ್ದುಕೊಂಡ ಮಿತವ್ಯಯಕ್ಕೂ ಇರುವ ವ್ಯತ್ಯಾಸವನ್ನು ಅಡಿಕೆ ಸೀಮೆ ಅನುಭವದಿಂದಲೇ ಬಲ್ಲದು. 1990ರ ದಶಕದ ಕೊನೆಯಲ್ಲಿ ಧಾರಣೆ ಏರಿದಾಗ ಮನೆಗಳು ವಿಸ್ತಾರಗೊಂಡವು, ಅಂಗಳಕ್ಕೆ ವಾಹನಗಳು ಬಂದವು, ಗದ್ದೆಗಳು ತೋಟವಾದವು. 2001ರ ಹೊತ್ತಿಗೆ ಧಾರಣೆ ಕುಸಿದು ಬಿತ್ತು. ಆಗ ಅನೇಕ ಮನೆಗಳಲ್ಲಿ ಮೊದಲು ಕತ್ತರಿ ಬಿದ್ದದ್ದು ಯಾವುದಕ್ಕೆ? ಆಳುಗಳ ಕೆಲಸದ ದಿನಗಳಿಗೆ, ತೋಟದ ಗೊಬ್ಬರಕ್ಕೆ, ಹಿರಿಯರ ಔಷಧೋಪಚಾರಕ್ಕೆ. ವಾಹನದ ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಏಕೆಂದರೆ ಕಂತನ್ನು ನಿಲ್ಲಿಸುವ ಅಧಿಕಾರ ಮನೆಯ ಯಜಮಾನನ ಕೈಯಲ್ಲಿ ಇರಲಿಲ್ಲ. 2014ರಲ್ಲಿ ಧಾರಣೆ ಹಿಂದೆಂದೂ ಕಾಣದ ಎತ್ತರ ಮುಟ್ಟಿತು, ಮರುವರ್ಷಗಳಲ್ಲಿ ಮತ್ತೆ ಇಳಿಯಿತು. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ತೋಟದಿಂದ ತೋಟಕ್ಕೆ ಹಬ್ಬಿದೆ. ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗ ದಶಕಗಳಿಂದ ಬೀಡುಬಿಟ್ಟಿದೆ. ಒಳ್ಳೆಯ ಕಾಲದ ಖರ್ಚು ಕೆಟ್ಟ ಕಾಲದಲ್ಲಿ ಸಾಲವಾಗಿ ಉಳಿಯುತ್ತದೆ ಎಂಬ ಪಾಠವನ್ನು ಪ್ರತಿ ಸಲವೂ ಕಲಿತು, ಧಾರಣೆ ಏರಿದೊಡನೆ ಪ್ರತಿ ಸಲವೂ ಮರೆತದ್ದಾಗಿದೆ. ಒತ್ತಾಯದಿಂದ ಬಂದ ಮಿತವ್ಯಯ ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ಮನೆಯ ಖರ್ಚುವೆಚ್ಚದ ಮಾತು ಪರಿಸರ ಚಳವಳಿಗೆ ಹೇಗೆ ಸಂಬಂಧಿಸುತ್ತದೆ ಎಂದು ಕೇಳುವವರಿದ್ದಾರೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಕಳಾಸೆ ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿ ನಿಂತರು. ಅಲ್ಲಿಂದ ಹುಟ್ಟಿದ ಅಪ್ಪಿಕೋ ಚಳವಳಿ ಮೂರು ಮಾತುಗಳನ್ನು ತನ್ನ ಸೂತ್ರವಾಗಿಸಿಕೊಂಡಿತು: ಉಳಿಸು, ಬೆಳೆಸು, ಬಳಸು. ಮೊದಲ ಎರಡಕ್ಕೆ ಮೆರವಣಿಗೆಗಳು, ಪಾದಯಾತ್ರೆಗಳು, ಸಸಿ ನೆಡುವ ಕಾರ್ಯಕ್ರಮಗಳು ನಡೆದವು. ಮೂರನೆಯ ಮಾತಿನ ಅರ್ಥ ವಿವೇಕದಿಂದ, ಮಿತಿಯರಿತು ಬಳಸು ಎಂಬುದು. ಅದು ಕಾಡಿನಲ್ಲಿ ಆಚರಿಸುವ ಮಾತಲ್ಲ. ಅಡುಗೆಮನೆಯಲ್ಲಿ, ಬಚ್ಚಲಿನಲ್ಲಿ, ಅಂಗಡಿಯ ಕಟ್ಟೆಯ ಮುಂದೆ ನಿಂತಾಗ ಆಚರಿಸಬೇಕಾದ ಮಾತು. ಆದ್ದರಿಂದಲೇ ಅದು ಹಿಂದೆ ಉಳಿಯಿತು.

ಶರಾವತಿಯ ಉದಾಹರಣೆಯನ್ನೇ ನೋಡಬಹುದು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಕಾಡು, ಗದ್ದೆ, ಊರುಗಳನ್ನು ನುಂಗಿತು. 1,035 ಮೆಗಾವ್ಯಾಟಿನ ಶರಾವತಿ ವಿದ್ಯುದಾಗಾರ ನಾಡಿಗೆ ಬೆಳಕು ಕೊಟ್ಟಿತು; ಎತ್ತಂಗಡಿಯಾದ ಕುಟುಂಬಗಳ ಭೂಹಕ್ಕಿನ ಪ್ರಶ್ನೆ ಅರ್ಧ ಶತಮಾನ ಕಳೆದರೂ ಬಗೆಹರಿಯಲಿಲ್ಲ. ಈಗ ಅದೇ ಕಣಿವೆಯಲ್ಲಿ, ಸಿಂಗಳೀಕಗಳ ಅಭಯಾರಣ್ಯದ ನಡುವೆ, 2,000 ಮೆಗಾವ್ಯಾಟಿನ ಭೂಗತ ಯೋಜನೆಯ ಪ್ರಸ್ತಾವ ಬಂದು, ಕಣಿವೆಯ ಜನ ಅದನ್ನು ವಿರೋಧಿಸಿದ್ದಾರೆ. ವಿರೋಧ ನ್ಯಾಯವಾದದ್ದು. ಆದರೆ ಆ ಸಭೆಗಳಿಂದ ಮನೆಗೆ ಮರಳಿದವರ ಮನೆಯಲ್ಲಿ ದೂರದರ್ಶನ, ಸೆಟ್‌ಟಾಪ್ ಪೆಟ್ಟಿಗೆ, ಚಾರ್ಜರುಗಳ ಕೆಂಪು ದೀಪಗಳು ಹಗಲಿರುಳೂ ಉರಿಯುತ್ತಿದ್ದರೆ? ಇವೆಲ್ಲ ಸೇರಿ ಕೇವಲ 10 ವ್ಯಾಟ್ ಎಳೆಯುತ್ತವೆ ಎಂದಿಟ್ಟುಕೊಂಡರೂ ವರ್ಷಕ್ಕೆ ಸುಮಾರು 88 ಯೂನಿಟ್ ಆಗುತ್ತದೆ. ಅರುವತ್ತು ಮನೆಗಳ ಊರಿಗೆ ಅದು 5,000 ಯೂನಿಟ್‌ಗೂ ಮಿಗಿಲು. ಯಾರಿಗೂ ಉಪಯೋಗವಾಗದೆ ಹರಿದುಹೋಗುವ ಶರಾವತಿಯ ನೀರು ಅದು. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆ ಬಡ ಮನೆಗಳಿಗೆ ನೆರವಾಯಿತು, ನಿಜ. ಆದರೆ ಬಿಲ್ಲಿನಲ್ಲಿ ಸೊನ್ನೆ ಬಂದ ಮಾತ್ರಕ್ಕೆ ಕಣಿವೆ ತೆರುವ ಬೆಲೆಯೂ ಸೊನ್ನೆಯಾಗುವುದಿಲ್ಲ.

ಇನ್ನು ಪ್ಲಾಸ್ಟಿಕ್ಕಿನ ಲೆಕ್ಕ. ಮನೆಯೊಂದು ದಿನಕ್ಕೆ ಬಿಸ್ಕತ್ತು, ಕುರುಕಲು, ಶಾಂಪೂ ಎಂದು ಎರಡೇ ಪೊಟ್ಟಣ ಹರಿದರೂ ವರ್ಷಕ್ಕೆ 730. ಅರುವತ್ತು ಮನೆಗಳಿಂದ 43,800. ಪೇಟೆಯಂತೆ ಕಸದ ಗಾಡಿ ದಿನವೂ ಬಾರದ, ಮನೆಗಳು ಗುಡ್ಡಕ್ಕೊಂದು ಕಣಿವೆಗೊಂದಾಗಿ ಚದುರಿರುವ ಸೀಮೆಯಲ್ಲಿ ಇವು ಹೋಗುವುದೆಲ್ಲಿಗೆ? ಒಂದಷ್ಟು ಹಳ್ಳಕ್ಕೆ, ಮತ್ತಷ್ಟು ಬಚ್ಚಲೊಲೆಗೆ. ಪ್ಲಾಸ್ಟಿಕ್ ಉರಿದಾಗ ಡಯಾಕ್ಸಿನ್‌ನಂತಹ ವಿಷಗಳು ಹುಟ್ಟಬಲ್ಲವು. ಅದರ ಹೊಗೆಯನ್ನು ಮೊದಲು ಕುಡಿಯುವವರು ನೀರು ಕಾಯಿಸಲು ಒಲೆಯ ಮುಂದೆ ಕುಳಿತ ಹೆಂಗಸರು. 2022ರ ಜುಲೈನಿಂದ ದೇಶದಲ್ಲಿ ಏಕಬಳಕೆಯ ಕೆಲವು ಪ್ಲಾಸ್ಟಿಕ್ ವಸ್ತುಗಳಿಗೆ ನಿಷೇಧವಿದೆ. ಪೊಟ್ಟಣಗಳು ಆ ಪಟ್ಟಿಯಲ್ಲಿಲ್ಲ. ಕಾನೂನು ಮುಟ್ಟದ ಜಾಗದಲ್ಲಿ ಮನೆಯ ನಿರ್ಧಾರವೊಂದೇ ದಾರಿ.

ಆಷಾಢ ಒಂದು ತಿಂಗಳು, ಪಾಡ್ಯದಿಂದ ಭೀಮನ ಅಮಾವಾಸ್ಯೆಯವರೆಗೆ, ಅಗತ್ಯವಲ್ಲದ ಯಾವ ಕೊಳ್ಳುವಿಕೆಯೂ ಬೇಡ ಎಂಬ ನಿಯಮವನ್ನು ಮನೆಯವರೆಲ್ಲ ಕೂಡಿ ಮಾಡಿಕೊಳ್ಳಬಹುದು. ಮದುವೆ, ಗೃಹಪ್ರವೇಶಗಳಿಗೆ ಆಷಾಢ ಸಲ್ಲದೆಂದು ಪಂಚಾಂಗವೇ ಬಿಡುವು ಕೊಟ್ಟಿದೆ. ಇದು ಆ ಬಿಡುವಿನ ವಿಸ್ತರಣೆಯಷ್ಟೆ. ಅಕ್ಕಿ-ಬೇಳೆ, ಔಷಧಿ, ಶಾಲೆಯ ಖರ್ಚು, ಮೈಲುತುತ್ತ-ಸುಣ್ಣ, ಕೂಲಿ, ಬಸ್ಸಿನ ಹಣ ಇವು ಅಗತ್ಯದ ಖಾತೆಗೆ ಸೇರಲಿ. ಉಳಿದಂತೆ ಕೊಳ್ಳಬೇಕೆನಿಸಿದ್ದನ್ನೆಲ್ಲ ಕೊಳ್ಳುವ ಬದಲು, ಬಯಸಿದವರ ಹೆಸರು ಮತ್ತು ದಿನಾಂಕದೊಂದಿಗೆ ಗೋಡೆಯ ಕ್ಯಾಲೆಂಡರಿನ ಬೆನ್ನಿಗೆ ಬರೆದಿಡಬೇಕು. ತಿಂಗಳ ಕೊನೆಗೆ ಆ ಪಟ್ಟಿಯನ್ನು ಒಟ್ಟಾಗಿ ಕುಳಿತು ಓದಬೇಕು. ಆಗಲೂ ಬೇಕೆನಿಸಿದ್ದನ್ನು ಧಾರಾಳವಾಗಿ ಕೊಳ್ಳಲಿ. ಬೇಡವೆನಿಸಿದ್ದರ ಮೊತ್ತವನ್ನು ಕೂಡಿಸಿ, ಅಷ್ಟು ಹಣವನ್ನು ಸಾಲದ ಖಾತೆಗೆ ಕಟ್ಟಲಿ.

ಈ ತಿಂಗಳನ್ನು ಉಪವಾಸವೆಂದು ತಿಳಿಯಬೇಕಾಗಿಲ್ಲ. ಮಳೆಗಾಲಕ್ಕೆಂದು ಮಲೆನಾಡಿನ ಮನೆಗಳು ಶತಮಾನಗಳಿಂದ ಕಟ್ಟಿಕೊಂಡು ಬಂದ ಉಗ್ರಾಣ ಇನ್ನೂ ಪೂರ್ತಿ ಬರಿದಾಗಿಲ್ಲ. ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಅಟ್ಟದ ಮೇಲಿನ ಹಪ್ಪಳ, ಭರಣಿಯಲ್ಲಿನ ಮಾವಿನ ಮಿಡಿ, ಒಣಗಿಸಿಟ್ಟ ಮುರುಗಲು ಬೇಸಿಗೆಯ ದುಡಿಮೆಯ ಫಲಗಳು. ಹಿತ್ತಿಲಿನ ಕೆಸು, ಒಂದೆಲಗ ಮಳೆಯ ಕೊಡುಗೆ. ಇವುಗಳ ತಂಬುಳಿ, ಪತ್ರೊಡೆ, ಹುಳಿಗಳ ಜಾಗಕ್ಕೆ ಪೇಟೆಯ ಪೊಟ್ಟಣ ಬಂದದ್ದು ರುಚಿಗಾಗಿಯೇ, ಅಭ್ಯಾಸದಿಂದಲೇ ಎಂದು ಪರೀಕ್ಷಿಸಿಕೊಳ್ಳಲು ಒಂದು ತಿಂಗಳು ಸಾಕು.

ಆದರೆ ಕೆಲವು ಎಚ್ಚರಿಕೆಗಳು ಅವಶ್ಯ. ಮೊದಲನೆಯದಾಗಿ, ಮಿತವ್ಯಯದ ಭಾರ ಹೆಂಗಸರ ಬೆನ್ನಿಗೆ ಬೀಳಕೂಡದು. ಪೊಟ್ಟಣದ ಪುಡಿ ಬೇಡವೆಂದು ಗಂಡಸರು ಜಗಲಿಯಲ್ಲಿ ಕುಳಿತು ತೀರ್ಮಾನಿಸಿ, ಹುರಿಯುವ ಕುಟ್ಟುವ ಕೆಲಸವನ್ನು ಒಳಗಿನವರಿಗೆ ಬಿಟ್ಟರೆ ಅದು ಉಳಿತಾಯವಲ್ಲ, ಖರ್ಚಿನ ವರ್ಗಾವಣೆ. ಎಷ್ಟು ಹಣ ಉಳಿಯಿತು ಎಂಬುದರೊಂದಿಗೆ ಯಾರ ದುಡಿಮೆ ಎಷ್ಟು ಹೆಚ್ಚಿತು ಎಂಬುದೂ ಲೆಕ್ಕಕ್ಕೆ ಬರಬೇಕು; ಹೆಚ್ಚಿದ ಕೆಲಸ ಹಂಚಿಕೆಯಾಗಬೇಕು. ಎರಡನೆಯದಾಗಿ, ಕೂಲಿಯನ್ನೂ ಕಸುಬುದಾರರನ್ನೂ ಈ ಕತ್ತರಿ ಮುಟ್ಟಬಾರದು. ಮೇದಾರರ ಬುಟ್ಟಿ, ಕುಂಬಾರರ ಮಡಕೆ, ಸಂತೆಗೆ ಸೊಪ್ಪು ತರುವ ಅಜ್ಜಿಯ ಕಟ್ಟು ಇವುಗಳಿಗೆ ಕೊಟ್ಟ ಹಣ ಊರಿನಲ್ಲೇ ಸುತ್ತಿ ಊರನ್ನು ಬದುಕಿಸುತ್ತದೆ. ಮೂರನೆಯದಾಗಿ, ಈ ಮಾತು ಭೂಮಿಯಿಲ್ಲದ, ದಿನಗೂಲಿಯ ಮನೆಗಳಿಗೆ ಹೇಳಿದ್ದಲ್ಲ. ಆ ಮನೆಗಳಲ್ಲಿ ವರ್ಷದ ಹನ್ನೆರಡು ತಿಂಗಳೂ ಆಷಾಢವೇ. ಬಿಡಲು ಏನಾದರೂ ಇರುವವರಿಗೆ ಮಾತ್ರ ಬಿಡುವಿಕೆಯ ಉಪದೇಶ ಸಲ್ಲುತ್ತದೆ.

ಮನೆಯೊಂದರ ಪೊಟ್ಟಣ ಉಳಿದರೆ ಪಶ್ಚಿಮಘಟ್ಟ ಉಳಿದೀತೆ ಎಂಬ ಆಕ್ಷೇಪ ಕೊನೆಯದು, ತೂಕದ್ದು. ಪೊಟ್ಟಣದ ಲೆಕ್ಕವೊಂದರಿಂದಲೇ ಉಳಿಯಲಾರದು. ಅಣೆಕಟ್ಟು, ಗಣಿ, ಹೆದ್ದಾರಿಗಳ ನಿರ್ಧಾರ ಅಡುಗೆಮನೆಯಲ್ಲಿ ಆಗುವುದಿಲ್ಲ. ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಂತದ್ದು ದೀರ್ಘ ಹೋರಾಟದಿಂದ ಮತ್ತು ಸುಪ್ರೀಂ ಕೋರ್ಟಿನ ತೀರ್ಪಿನಿಂದ. ಆದರೆ ಅಂತಹ ಹೋರಾಟಗಳಲ್ಲಿ ಕೊನೆಯವರೆಗೂ ನಿಲ್ಲಬಲ್ಲವರು ಯಾರು? ಸಾಲದಲ್ಲಿ ಮುಳುಗಿದ ಮನೆಗೆ ‘ಬೇಡ’ ಎನ್ನುವ ಶಕ್ತಿ ಇರುವುದಿಲ್ಲ. ಕಂತಿನ ದಿನ ಹತ್ತಿರ ಬಂದಾಗ ಹಿತ್ತಿಲಿನ ಹಲಸು, ಮತ್ತಿ, ನಂದಿಗಳು ಮರದ ವ್ಯಾಪಾರಿಯ ಕಣ್ಣಿಗೆ ಬೀಳುತ್ತವೆ. ರೆಸಾರ್ಟಿಗೆ ಜಾಗ ಹುಡುಕುವವನು ಮೊದಲು ವಿಚಾರಿಸುವುದು ಸಾಲಗಾರನ ಮನೆಯ ದಾರಿಯನ್ನು. ಸೊಪ್ಪಿನ ಬೆಟ್ಟವನ್ನು ಜೋಪಾನವಾಗಿ ಕಾಯ್ದುಕೊಂಡು ಬಂದ ಮನೆತನವೂ ಒತ್ತಡಕ್ಕೆ ಸಿಕ್ಕಾಗ ಅದನ್ನು ಬೋಳಿಸಿದ್ದುಂಟು. ಅಗತ್ಯವಲ್ಲದ ಖರ್ಚು ಕಾಡಿಗೆ ತಗಲುವುದು ಹೀಗೆ, ಸಾಲದ ಮೂಲಕ.

ಗಾಂಧೀಜಿಯವರ ಒಡನಾಡಿ ಜೆ.ಸಿ. ಕುಮಾರಪ್ಪನವರು ವೃತ್ತಿಯಿಂದ ಲೆಕ್ಕಪರಿಶೋಧಕರಾಗಿದ್ದರು. ಸೆರೆಮನೆಯಲ್ಲಿದ್ದಾಗ ‘ಎಕಾನಮಿ ಆಫ್ ಪರ್ಮನೆನ್ಸ್’ ಗ್ರಂಥವನ್ನು ಬರೆದ ಅವರು ನಿಸರ್ಗದ ಬದುಕಿನಲ್ಲಿ ಕಿತ್ತು ತಿನ್ನುವ ಕ್ರಮದಿಂದ ಸೇವೆಯ ಕ್ರಮದವರೆಗೆ ಐದು ಬಗೆಗಳನ್ನು ಗುರುತಿಸಿ, ಮನುಷ್ಯನ ಅರ್ಥವ್ಯವಸ್ಥೆಯನ್ನೂ ಅದೇ ಅಳತೆಗೋಲಿನಿಂದ ಅಳೆದರು. ವಸ್ತುವೊಂದನ್ನು ಕೊಳ್ಳುವವನು ಅದು ಬಂದ ದಾರಿಯ ಹೊಣೆಯನ್ನೂ ಹೊರುತ್ತಾನೆ ಎಂಬುದು ಅವರ ವಿಚಾರದ ತಿರುಳು. ಮನೆಯ ಜಮಾಖರ್ಚಿನ ಪುಸ್ತಕವನ್ನು ಹಾಗೆ ಓದಿದರೆ ಅದರಲ್ಲಿ ರೂಪಾಯಿಗಳೊಂದಿಗೆ ನದಿ, ಮರ, ಕೂಲಿ, ಹೊಗೆಗಳೂ ಕಾಣಿಸುತ್ತವೆ.

ಭೀಮನ ಅಮಾವಾಸ್ಯೆಯ ದಿನ ಕ್ಯಾಲೆಂಡರನ್ನು ಗೋಡೆಯಿಂದ ಇಳಿಸಿ, ಮಕ್ಕಳಿಂದ ಆ ಪಟ್ಟಿಯನ್ನು ಗಟ್ಟಿಯಾಗಿ ಓದಿಸಲಿ. ಯಾರ ಯಾವ ಬಯಕೆ ತಿಂಗಳು ಕಳೆದರೂ ಉಳಿದಿದೆ, ಯಾವುದು ಬರೆದವರಿಗೇ ನೆನಪಿಲ್ಲ ಎಂಬುದು ಅಂದು ತಿಳಿಯುತ್ತದೆ. ಶ್ರಾವಣದ ಹಬ್ಬಗಳು ಬಾಗಿಲಲ್ಲೇ ಇರುತ್ತವೆ. ಖರ್ಚಿನ ಕಾಲ ಮತ್ತೆ ತೆರೆದುಕೊಳ್ಳುತ್ತದೆ. ಅಷ್ಟರೊಳಗೆ ಸಂಘದ ಸಾಲದಲ್ಲಿ ಸಾವಿರ ರೂಪಾಯಿ ಕಡಿಮೆಯಾಗಿದ್ದರೆ, ಬಚ್ಚಲೊಲೆಯಲ್ಲಿ ಒಂದು ತಿಂಗಳು ಕಟ್ಟಿಗೆ, ಸೋಗೆಗಳ ಹೊಗೆಯಲ್ಲದೆ ಬೇರೆ ಹೊಗೆ ಏಳದಿದ್ದರೆ, ಮೂರನೆಯ ಮಾತು ಆ ಮನೆಯಲ್ಲಿ ಆಚರಣೆಗೆ ಬಂದಂತೆ.