ಹೋಟೆಲು ಮೊದಲೋ, ನೀರು ಮೊದಲೋ?

ಮಧುಗಿರಿಯ ಬೆಟ್ಟಕ್ಕೆ ರೋಪ್‌ವೇ ಹಾಕಿಸಬೇಕೆಂಬ ಮಾತು ನಮ್ಮ ಸೀಮೆಯಲ್ಲಿ ವರ್ಷಗಳಿಂದ ನಡೆದುಬಂದಿದೆ. ರೋಪ್‌ವೇ ಬಂದರೆ ಪ್ರವಾಸಿಗರು ಬರುತ್ತಾರೆ. ಪ್ರವಾಸಿಗರು ಬಂದರೆ ಹೋಟೆಲುಗಳು ಏಳುತ್ತವೆ. ಹೋಟೆಲುಗಳು ಎದ್ದರೆ ಊರು ಉದ್ಧಾರವಾಗುತ್ತದೆ. ಇದು ಆ ಮಾತಿನ ಸರಣಿ. ಮದಲೂರಿನವನಾದ ನನಗೆ ಪಕ್ಕದ ತಾಲ್ಲೂಕು ಉದ್ಧಾರವಾಗಬಾರದೆಂಬ ಹೊಟ್ಟೆಕಿಚ್ಚೇನೂ ಇಲ್ಲ. ಆದರೆ ಈ ಸರಪಣಿಯ ಕೊನೆಯ ಕೊಂಡಿ ತಾನಾಗಿಯೇ ಬೆಸೆದುಕೊಳ್ಳುವುದಿಲ್ಲವೆಂಬುದನ್ನು ಬಲ್ಲೆ. ನೀರು ಮತ್ತು ಚರಂಡಿ, ಇವೆರಡರ ಲೆಕ್ಕ ಮುಗಿಯುವವರೆಗೆ ಒಂದು ಹೊಸ ಹೋಟೆಲಿಗೂ ಪರವಾನಗಿ ಕೊಡಕೂಡದು ಎಂಬುದೇ ನನ್ನ ವಾದ.

ಲೆಕ್ಕ ಮುಗಿಸದೆ ಮುಂದುವರಿದ ಊರೊಂದು ನಮ್ಮ ದೇಶದಲ್ಲೇ ಇದೆ. ಬದರಿಯಾತ್ರೆ ಮಾಡಿದ ಕನ್ನಡಿಗರಿಗೆ ಜೋಶಿಮಠ ಗೊತ್ತು. ಅದರ ಮೇಲುಗಡೆಯೇ ಔಲಿ. ಹಿಮದ ಮೇಲೆ ಜಾರುವ ಸ್ಕೀ ಆಟಕ್ಕೆಂದು ಬೆಳೆಸಿದ ತಾಣ. ಎರಡರ ನಡುವೆ ಸುಮಾರು 4 ಕಿಲೋಮೀಟರಿನ ರೋಪ್‌ವೇ ಹಾಕಿದರು. 2011ರಲ್ಲಿ ದಕ್ಷಿಣ ಏಷ್ಯದ ಚಳಿಗಾಲದ ಕ್ರೀಡೆಗಳನ್ನೂ ಅಲ್ಲಿ ನಡೆಸಿದರು. ಆಕಾಶ ಕೊಟ್ಟ ಹಿಮ ಸಾಲದಾದಾಗ ಯಂತ್ರದಿಂದ ಹಿಮ ಮಾಡಲೆಂದು ಬೆಟ್ಟದ ಮೇಲೆ ಒಂದು ಕೃತಕ ಕೆರೆಯನ್ನೇ ತೋಡಿದರು.

ನಾನು ಬದರಿಗೆ ಹೋದಾಗ ಜೋಶಿಮಠದ ಒಂದು ಹೋಟೆಲಿನಲ್ಲಿ ಎರಡು ರಾತ್ರಿ ತಂಗಿದ್ದೆ. ಕೋಣೆ ಚೊಕ್ಕಟವಾಗಿತ್ತು, ಕಿಟಕಿ ತೆರೆದರೆ ಹಿಮದ ಶಿಖರ. ಆದರೆ ಹಿಂಬದಿಗೆ ಹೋಗಿ ನೋಡಿದರೆ, ಬಚ್ಚಲಿನಿಂದ ಹೊರಟ ಕೊಳವೆ ಇಳಿಜಾರಿನ ಮಣ್ಣಿಗೆ ಬಾಯಿಬಿಟ್ಟುಕೊಂಡಿತ್ತು. ಅದರ ಕೆಳಗೆ ಯಾರದೋ ಮನೆಯ ಸೂರು. ಈ ನೀರು ಎಲ್ಲಿಗೆ ಹೋಗುತ್ತದೆಂದು ಹೋಟೆಲಿನವರನ್ನು ಕೇಳಿದೆ. "ಕೆಳಕ್ಕೆ" ಎಂದರು. ಸುಳ್ಳೇನಲ್ಲ.

ಆ ಮಣ್ಣು ಎಂಥದೆಂಬುದು ಸರ್ಕಾರಕ್ಕೆ ತಿಳಿಯದ ಸಂಗತಿಯೂ ಅಲ್ಲ. ಊರು ನಿಂತಿರುವುದು ಹಳೆಯ ಭೂಕುಸಿತದ ರಾಶಿಯ ಮೇಲೆ. ಭಾರಿ ಕಟ್ಟಡಗಳಿಗೆ ಕಡಿವಾಣ ಹಾಕಬೇಕು, ನೀರು ಇಂಗದಂತೆ ಪಕ್ಕಾ ಚರಂಡಿ ಕಟ್ಟಬೇಕು ಎಂದು ಮಿಶ್ರಾ ಸಮಿತಿ 1976ರಲ್ಲೇ ಎಚ್ಚರಿಸಿತ್ತು. ವರದಿ ಕಪಾಟಿನಲ್ಲಿ ಉಳಿಯಿತು, ಕಟ್ಟಡಗಳು ಎದ್ದವು. 2023ರ ಜನವರಿಯಲ್ಲಿ ಎಂಟುನೂರಕ್ಕೂ ಹೆಚ್ಚು ಕಟ್ಟಡಗಳಲ್ಲಿ ಬಿರುಕು ಕಾಣಿಸಿತು. ಅನೇಕ ಸಂಸಾರಗಳು ಆ ಕೊರೆಯುವ ಚಳಿಯಲ್ಲಿ ಮನೆ ಬಿಟ್ಟು ಹೊರಟವು. ಒಂದರ ಮೇಲೊಂದು ಒರಗಿದ ಎರಡು ಹೋಟೆಲುಗಳನ್ನು ಕೆಡವಿಸಬೇಕಾಯಿತು, ರೋಪ್‌ವೇ ನಿಂತಿತು. ಹೋಟೆಲುಗಳೊಂದೇ ಇದಕ್ಕೆ ಕಾರಣವೆಂದು ನಾನು ಹೇಳುವುದಿಲ್ಲ. ಜಲವಿದ್ಯುತ್ತಿಗಾಗಿ ಕೊರೆದ ಸುರಂಗದ ಮೇಲೂ ಊರಿನವರ ದೂರಿದೆ. ಆದರೆ ಚರಂಡಿ ಕಾಣದೆ ಮಣ್ಣಿಗಿಳಿದ ನೀರೂ ಕಾರಣಗಳಲ್ಲೊಂದೆಂದು ತಜ್ಞರು ಹೇಳಿದ್ದಾರೆ.

"ನಮ್ಮದು ಏಕಶಿಲೆ, ಸ್ವಾಮಿ, ಕುಸಿಯುವ ಮಾತೆಲ್ಲಿ?" ಎಂದು ಮಧುಗಿರಿಯ ಮಿತ್ರರು ಕೇಳಿಯಾರು. ಒಪ್ಪಿದೆ. 3,930 ಅಡಿ ಎತ್ತರದ ಆ ಬಂಡೆ ಯಾರ ಹೋಟೆಲಿಗೂ ಜಗ್ಗುವುದಿಲ್ಲ. ನಮ್ಮಲ್ಲಿ ಕುಸಿಯುವುದು ಅಂತರ್ಜಲ. ಶಿರಾ, ಮಧುಗಿರಿ, ಪಾವಗಡಗಳು ಬರಕ್ಕೆ ಹೆಸರಾದ ತಾಲ್ಲೂಕುಗಳು. ಆಳದಿಂದ ಎತ್ತಿದ ನೀರಿನಲ್ಲಿ ಫ್ಲೋರೈಡಿನ ಕಾಟ ಬೇರೆ. ನಮ್ಮ ಮದಲೂರು ಕೆರೆಗೆ ಹೇಮಾವತಿಯ ನೀರು ಬರಲೆಂದು ಜನ ಕಾದದ್ದೆಷ್ಟು, ಕೂಗಿದ್ದೆಷ್ಟು! 2020ರ ಶಿರಾ ಉಪಚುನಾವಣೆಯಲ್ಲಿ ಆ ಕೆರೆ ತುಂಬಿಸುವೆನೆಂದು ಮುಖ್ಯಮಂತ್ರಿಗಳೇ ಮಾತು ಕೊಡಬೇಕಾಯಿತು. ಒಂದು ಕೆರೆಯ ನೀರಿನ ಮೇಲೆ ಚುನಾವಣೆ ನಡೆಯುವ ಸೀಮೆಯಲ್ಲಿ ಐವತ್ತು ಕೋಣೆಯ ಹೋಟೆಲು ನೀರನ್ನು ಎಲ್ಲಿಂದ ತರುತ್ತದೆ? ಪಕ್ಕದ ಮನೆಯ ಕೊಳವೆಬಾವಿಗಿಂತ ಇನ್ನೂರು ಅಡಿ ಹೆಚ್ಚು ಕೊರೆದು ತರುತ್ತದೆ. ಆಮೇಲೆ ಪಕ್ಕದ ಮನೆಯವರು ಕೊಡ ಹಿಡಿದು ಟ್ಯಾಂಕರಿನ ದಾರಿ ಕಾಯುತ್ತಾರೆ.

ಬೆಟ್ಟದ ಮೇಲೆ ಕೋಟೆ ಕಟ್ಟಿದ ಪಾಳೆಯಗಾರರು ಇದಕ್ಕಿಂತ ಜಾಣರು. ಬಂಡೆಯ ದೊಣೆಗಳಲ್ಲಿ ನೀರು ನಿಲ್ಲಿಸಿಕೊಂಡೇ ಅವರು ಅಲ್ಲಿ ದಂಡು ಇಟ್ಟುಕೊಂಡದ್ದು. ದಾರಿಯ ಮೇಲೆ ಛತ್ರ ಕಟ್ಟಿಸಿದ ನಮ್ಮ ಹಿರಿಯರೂ ಬಾವಿಯ ಜಾಗ ನೋಡದೆ ಛತ್ರಕ್ಕೆ ಗುದ್ದಲಿ ಹಾಕಿದವರಲ್ಲ.

ಹುಡುಗರಿಗೆ ಕೆಲಸ ಸಿಗುವುದಿಲ್ಲವೆ ಎಂಬ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬೆಂಗಳೂರಿಗೆ ಗುಳೆ ಹೋಗುವ ಹುಡುಗ ತನ್ನೂರಿನಲ್ಲೇ ಸಂಬಳ ಎಣಿಸಿದರೆ ಯಾರಿಗೆ ತಾನೆ ಸಂತೋಷವಾಗದು? ಆದರೆ ಆ ಸಂಬಳದ ಒಂದು ಪಾಲು ಟ್ಯಾಂಕರಿನವನ ಜೇಬಿಗೆ ಹೋದರೆ ಅದನ್ನು ಊರಿನ ಉದ್ಧಾರವೆನ್ನಬಹುದೆ? ಇದಲ್ಲದೆ, ಜೋಶಿಮಠದಲ್ಲಿ ಹೋಟೆಲುಗಳು ಮುಚ್ಚಿದಾಗ ಮೊದಲು ಕೆಲಸ ಕಳೆದುಕೊಳ್ಳುವವರು ಅದೇ ಹುಡುಗರು.

ಆದ್ದರಿಂದ ರೋಪ್‌ವೇಯ ಮೊದಲ ಕಂಬ ನೆಡುವ ಮುಂಚೆ ಪುರಸಭೆ ಮೂರು ಲೆಕ್ಕಗಳನ್ನು ಜನರ ಮುಂದಿಡಲಿ: ಊರಿಗೆ ದಿನಕ್ಕೆ ಬರುವ ನೀರೆಷ್ಟು, ಕಡುಬೇಸಿಗೆಯಲ್ಲಿ ಅದು ಎಷ್ಟಕ್ಕೆ ಇಳಿಯುತ್ತದೆ, ಕೊಳಚೆ ಎಲ್ಲಿ ಶುದ್ಧವಾಗುತ್ತದೆ. ಕೋಣೆಗಳ ಸಂಖ್ಯೆ ಬೇಸಿಗೆಯ ಲೆಕ್ಕದಂತೆ ನಿರ್ಧಾರವಾಗಲಿ. ಮಾಳಿಗೆಯ ಮಳೆನೀರು ಹಿಡಿಯದ, ಬಳಸಿದ ನೀರನ್ನು ಶುದ್ಧಿಮಾಡದ ಕಟ್ಟಡಕ್ಕೆ ಪರವಾನಗಿ ಬೇಡ.

ರಜೆ ಬಂದೊಡನೆ ಕಾರು ಹತ್ತುವ ನಗರದ ಓದುಗರಿಗೂ ಒಂದು ಮಾತು. ಕೋಣೆ ಹಿಡಿಯುವಾಗ ಬಾಡಿಗೆ ಎಷ್ಟು, ಬಿಸಿನೀರು ಯಾವ ಹೊತ್ತಿಗೆ ಎಂದು ವಿಚಾರಿಸುತ್ತೀರಷ್ಟೆ. ಆ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ವಿಚಾರಿಸಿ. ಸರಿಯಾದ ಉತ್ತರ ಬಾರದಿದ್ದರೆ ಬೇರೆ ಹೋಟೆಲು ನೋಡಿಕೊಳ್ಳಿ. ಹತ್ತು ಮಂದಿ ಹೀಗೆ ಬೆನ್ನು ತಿರುಗಿಸಿದರೆ ಸಾಕು, ಹನ್ನೊಂದನೆಯವರು ಬರುವ ಹೊತ್ತಿಗೆ ಮಾಲೀಕರು ಉತ್ತರ ಹುಡುಕಿಟ್ಟಿರುತ್ತಾರೆ.