ಮಣ್ಣು ನಾರುವ ದ್ರಾಕ್ಷಾರಸ

ಸಂಸಾರವಂದಿಗರ ಪತ್ರಿಕೆಯಲ್ಲಿ ಮದ್ಯದ ಮಾತೇ ಎಂದು ಹುಬ್ಬೇರಿಸುವ ಹಿರಿಯರಿಗೆ ಮೊದಲೇ ಒಂದು ನಮಸ್ಕಾರ. ಪಾನನಿರೋಧಕ್ಕೆ ಸರಕಾರ ಯತ್ನಿಸಬೇಕೆಂದು ಸಂವಿಧಾನದ ೪೭ನೆಯ ವಿಧಿ ಹೇಳುತ್ತದೆ. ಸರಕಾರದ ಉಪ್ಪು ತಿನ್ನುವ ನಾವು ಅದನ್ನು ಮರೆತಿಲ್ಲ. ಇಷ್ಟು ಕುಡಿದರೆ ಅಪಾಯವಿಲ್ಲ ಎಂದು ಹೇಳಬಹುದಾದ ಅಳತೆಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೩ರಲ್ಲಿ ಸಾರಿದ್ದನ್ನೂ ಬಲ್ಲೆವು. ಕುಡಿಯದವರು ಕುಡಿಯುವುದು ಬೇಡ. ಓದಿದ ಮಾತ್ರಕ್ಕೆ ಅಮಲೇರುವುದಿಲ್ಲ. ನಾವು ಹೇಳಹೊರಟಿರುವುದು ಕುಡಿತದ ವಿಷಯವಲ್ಲ, ರುಚಿಯ ವಿಷಯ. ಒಂದೇ ಪದಾರ್ಥವನ್ನು ಇಬ್ಬರು ಮೂಸಿ, ಒಬ್ಬರು ‘ಆಹಾ’ ಎಂದೂ ಇನ್ನೊಬ್ಬರು ‘ಥೂ’ ಎಂದೂ ಹೇಳಿದರೆ ಯಾರ ಮಾತನ್ನು ನಂಬಬೇಕು? ಈ ಸಲದ ಪ್ರಶ್ನೆ ಅದು.

ಫ್ರಾನ್ಸಿನ ದಕ್ಷಿಣದಲ್ಲಿ, ಅವಿನ್ಯೋಂ ಪಟ್ಟಣಕ್ಕೆ ಕೊಂಚ ಉತ್ತರದಲ್ಲಿ, ರೋನ್ ನದಿಯ ಬಳಿ ಶಾತೋನೇಫ್ ದ್ಯು ಪಾಪ್ ಎಂಬ ಹಳ್ಳಿಯಿದೆ. ‘ಪೋಪರ ಹೊಸಕೋಟೆ’ ಎಂದು ಅದರ ಅರ್ಥ. ೧೩೦೯ರಿಂದ ೧೩೭೭ರವರೆಗೆ ಪೋಪರು ರೋಮನ್ನು ಬಿಟ್ಟು ಅವಿನ್ಯೋಂನಲ್ಲಿ ನೆಲಸಿದ್ದರು. ಅವರಲ್ಲಿ ಇಪ್ಪತ್ತೆರಡನೆಯ ಜಾನ್ ಎಂಬವರು ಈ ಹಳ್ಳಿಯ ಗುಡ್ಡದ ಮೇಲೆ ಒಂದು ಕೋಟೆಯನ್ನು ಕಟ್ಟಿಸಿದರು. ಹೊಸಕೋಟೆ ಈಗ ಹಾಳುಗೋಡೆಯಾಗಿ ನಿಂತಿದೆ. ಸುತ್ತಲಿನ ದ್ರಾಕ್ಷಿಯ ತೋಟಗಳು ಮಾತ್ರ ಹಸುರಾಗಿವೆ. ಅಲ್ಲಿಯ ಎಷ್ಟೋ ತೋಟಗಳಲ್ಲಿ ಮಣ್ಣೇ ಕಾಣದು. ನಮ್ಮ ಕಡೆ ಹೊಳೆಯ ದಡದಲ್ಲಿ ಸಿಕ್ಕುವಂಥ ನುಣುಪಾದ ಉರುಟುಗಲ್ಲುಗಳು ನೆಲದ ತುಂಬ ಹರಡಿರುತ್ತವೆ. ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಆ ಶಾಖವನ್ನು ಬಳ್ಳಿಗೆ ಹಿಂದಿರುಗಿಸುತ್ತವೆ. ಮೇಲಿನಿಂದ ಮಿಸ್ಟ್ರಾಲ್ ಎಂಬ ಉತ್ತರದ ಗಾಳಿ ಬೀಸಿ ಗೊಂಚಲುಗಳನ್ನು ಒಣಗಿಸುತ್ತದೆ.

ಗುಮಾಸ್ತರಾದ ನಮಗೆ ಈ ಊರಿನ ಮೇಲೆ ಅಭಿಮಾನ ಹುಟ್ಟಿದ್ದು ಅಲ್ಲಿಯ ಕಾಗದಪತ್ರಗಳಿಂದ. ಕಲಬೆರಕೆಯ ಕಾಟ ತಾಳಲಾರದೆ ೧೯೨೩ರಲ್ಲಿ ಬ್ಯಾರನ್ ಲ ರುವಾ ಎಂಬ ಜಮೀನುದಾರರ ಮುಂದಾಳುತನದಲ್ಲಿ ಅಲ್ಲಿಯ ಬೆಳೆಗಾರರು ತಮಗೆ ತಾವೇ ಕಟ್ಟಳೆ ವಿಧಿಸಿಕೊಂಡರು. ಇಂಥ ನೆಲದಲ್ಲಿ ಮಾತ್ರ ಬೆಳೆಯಬೇಕು, ಇಂಥ ತಳಿಯೇ ಆಗಬೇಕು, ಕೊಯಿಲಿನಲ್ಲಿ ಕೆಟ್ಟ ಹಣ್ಣನ್ನು ಆರಿಸಿ ಎಸೆಯಬೇಕು ಎಂದು. ಯಾವ ನೆಲ ಯೋಗ್ಯ? ಲ್ಯಾವೆಂಡರೂ ಥೈಮ್ ಗಿಡವೂ ಕೂಡಿ ಬೆಳೆಯುವಷ್ಟು ಬಡ ನೆಲವೇ ಯೋಗ್ಯ! ಫ್ರೆಂಚ್ ಸರಕಾರ ೧೯೩೬ರಲ್ಲಿ ಈ ಹೆಸರಿಗೆ ಕಾನೂನಿನ ರಕ್ಷಣೆ ಕೊಟ್ಟಿತು. ಇನ್ನು ೧೯೫೪ರಲ್ಲಿ ಆ ಊರಿನ ಮೇಯರರು ಹೊರಡಿಸಿದ ಆಜ್ಞೆಯಂತೂ ಕಚೇರಿಯ ಗೋಡೆಗೆ ಕಟ್ಟು ಹಾಕಿಸಿ ತೂಗುಹಾಕಬೇಕಾದದ್ದು. ಹಾರುವ ತಟ್ಟೆಗಳ ವದಂತಿ ಎಲ್ಲೆಲ್ಲೂ ಹಬ್ಬಿದ್ದ ಕಾಲ ಅದು. ಯಾವ ಹಾರುವ ತಟ್ಟೆಯೂ ಗ್ರಾಮದ ಎಲ್ಲೆಯ ಮೇಲೆ ಹಾರಕೂಡದು, ಇಳಿಯಕೂಡದು, ಏರಕೂಡದು; ಇಳಿದರೆ ಜಪ್ತಿ ಮಾಡಲಾಗುವುದು ಎಂದು ಆಜ್ಞೆ. ಜಾರಿಯ ಹೊಣೆ ಊರ ಕಾವಲುಗಾರನದು. ಅನ್ಯಗ್ರಹದವರು ಇದುವರೆಗೆ ಆಜ್ಞೆಯನ್ನು ಮೀರಿಲ್ಲ. ಇಷ್ಟು ಚೆನ್ನಾಗಿ ಪಾಲನೆಯಾದ ಸುತ್ತೋಲೆ ನಮ್ಮ ಇಲಾಖೆಯಲ್ಲಿ ಒಂದೂ ಇಲ್ಲ.

ಈ ಊರಿನ ಕೆಂಪು ದ್ರಾಕ್ಷಾರಸಕ್ಕೆ ಹಲವು ತಳಿಗಳು ಸಲ್ಲುತ್ತವೆಯಾದರೂ ಯಜಮಾನಿಕೆ ಗ್ರೆನಾಶ್ ಎಂಬ ಹಣ್ಣಿನದು. ಸ್ಪೇನಿನಲ್ಲಿ ಇದಕ್ಕೆ ಗಾರ್ನಾಚಾ ಎನ್ನುತ್ತಾರೆ, ಸಾರ್ಡೀನಿಯ ದ್ವೀಪದಲ್ಲಿ ಕನ್ನೋನಾವ್. ಬರವನ್ನೂ ಗಾಳಿಯನ್ನೂ ಸಹಿಸುವ ಗಟ್ಟಿ ಬಳ್ಳಿ. ಹಣ್ಣು ಮಾತ್ರ ಸೂಕ್ಷ್ಮ. ತೆಳುಸಿಪ್ಪೆ, ಬಣ್ಣ ಕಡಮೆ, ಹುಳಿ ಕಡಮೆ, ಸಕ್ಕರೆ ಹೆಚ್ಚು. ಸಕ್ಕರೆ ಹೆಚ್ಚಾದ್ದರಿಂದ ಮದ್ಯಸಾರವೂ ಹೆಚ್ಚು; ನೂರಕ್ಕೆ ೧೪, ೧೫ ಸಾಮಾನ್ಯ. ಗಾಳಿ ಸೋಕಿದರೆ ಬೇಗ ಮಾಸುವ ರಸವಾದ್ದರಿಂದ ಇದನ್ನು ಸಣ್ಣ ಹೊಸ ಪೀಪಾಯಿಗಳಲ್ಲಿ ತುಂಬುವುದಕ್ಕಿಂತ ಸಿಮೆಂಟಿನ ತೊಟ್ಟಿಯಲ್ಲೋ ದೊಡ್ಡ ಹಳೆಯ ಮರದ ಬಾನಿಯಲ್ಲೋ ಇಡುವುದು ಅಲ್ಲಿಯ ವಾಡಿಕೆ.

ಎಳೆಯ ಗ್ರೆನಾಶಿನಲ್ಲಿ ಸ್ಟ್ರಾಬೆರಿ, ರಾಸ್ಪ್ಬೆರಿಯಂಥ ಹಣ್ಣಿನ ಪರಿಮಳ. ಹತ್ತು ಹದಿನೈದು ವರುಷ ಸೀಸೆಯಲ್ಲಿ ಮಲಗಿದರೆ ಕತೆಯೇ ಬೇರೆ. ಬಣ್ಣದ ಕಣಗಳೂ ಒಗರಿನ ಕಣಗಳೂ ಒಂದಕ್ಕೊಂದು ಹೆಣೆದುಕೊಂಡು ಭಾರವಾಗಿ ತಳ ಸೇರುತ್ತವೆ. ಮಾಣಿಕ್ಯದ ಕೆಂಪು ಇಟ್ಟಿಗೆಯ ಕೆಂಪಾಗುತ್ತದೆ, ಅಂಚು ಕಾವಿಗೆ ತಿರುಗುತ್ತದೆ. ಹಣ್ಣು ಹಿಂದೆ ಸರಿದು ಒಣ ಅಂಜೂರ, ಚರ್ಮ, ಅಣಬೆ, ಕೊಳೆತ ತರಗೆಲೆ, ಒದ್ದೆ ನೆಲ ಇವುಗಳ ವಾಸನೆ ಮುಂದೆ ಬರುತ್ತದೆ. ಜಗಳ ಹುಟ್ಟುವುದು ಇಲ್ಲಿಯೇ.

ಹೋದ ಚಳಿಗಾಲ ದಿಲ್ಲಿಯ ನಮ್ಮ ಮನೆಗೆ ಬಂದ ಬಂಧುವೊಬ್ಬರು ಆ ಊರಿನ ೨೦೦೭ನೆಯ ಇಸವಿಯ ಸೀಸೆಯೊಂದನ್ನು ತಂದರು. ಫ್ರಾನ್ಸಿನಲ್ಲಿ ದುಡಿಯುವವರು, ಸಂಬಳದಲ್ಲಿ ಉಳಿಸಿ ಕೊಂಡು, ಬಟ್ಟೆಯಲ್ಲಿ ಸುತ್ತಿ, ಮಗುವನ್ನು ತರುವಂತೆ ತಂದಿದ್ದರು. ಸೇರಿದವರು ನಾಲ್ವರು: ಅವರು, ನಾವು, ನಮ್ಮ ಮನೆಯಾಕೆ, ಧಾರವಾಡದ ಕಡೆಯ ನಮ್ಮ ಕಚೇರಿಯ ಮಿತ್ರರು. ಗಸಿ ತಳಕ್ಕೆ ಇಳಿಯಲೆಂದು ಸೀಸೆಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿದ್ದಾಯಿತು. ತಲೆಗೆ ಎರಡು ಗುಟುಕಿನಂತೆ ಷರಬತ್ತಿನ ಗಾಜಿನ ಲೋಟಗಳಿಗೆ ಬಗ್ಗಿಸಿದರು.

ಮೊದಲು ಮೂಸಿದವರು ಮಿತ್ರರು. “ಇದು ಕುದುರೆಯ ಲಾಯ! ಕೆಟ್ಟುಹೋಗಿದೆ, ಚೆಲ್ಲಿಬಿಡಿರಿ” ಎಂದರು. ತಂದವರ ಮುಖ ಬಾಡಿತು. ನಮ್ಮಾಕೆ ಬಹಳ ಹೊತ್ತು ಮೂಸಿ, “ಮಳೆಗಾಲದಲ್ಲಿ ಅಟ್ಟದ ಬಾಗಿಲು ತೆಗೆದಂತಿದೆ. ಹಳೆಯ ಚರ್ಮದ ಚೀಲ, ಗೋಣಿ, ಅದರ ಹಿಂದೆ ಎಲ್ಲೋ ಒಣ ಅಂಜೂರ” ಎಂದಳು. ನಮಗೆ ಲಾಯವೂ ಕಂಡಿತು, ಅಂಜೂರವೂ ಕಂಡಿತು. ನಾಲಿಗೆಗೆ ಹಾಕಿಕೊಂಡರೆ ಒಗರು ಮೆತ್ತಗಾಗಿದೆ, ಸಿಹಿಯಲ್ಲದಿದ್ದರೂ ಸಿಹಿಯ ನೆನಪಿದೆ, ಗಂಟಲಲ್ಲಿ ಕಾವು, ಕೊನೆಯಲ್ಲಿ ಒಣಗಿದ ಗಿಡಮೂಲಿಕೆಯ ಕಹಿ. ಮುಕ್ಕಾಲು ಗಂಟೆ ಲೋಟದಲ್ಲೇ ಬಿಟ್ಟಾಗ ಲಾಯದ ವಾಸನೆ ಅರ್ಧಕ್ಕೆ ಇಳಿದು ಹಣ್ಣು ಮೇಲೆದ್ದಿತು. ಮಿತ್ರರು ಮತ್ತೊಮ್ಮೆ ಮೂಸಿದರು. ಅವರ ತೀರ್ಪು ಬದಲಾಗಲಿಲ್ಲ.

ವಿಜ್ಞಾನ ಏನನ್ನುತ್ತದೆ? ಲಾಯದ ವಾಸನೆಗೆ ಬಹುಮಟ್ಟಿಗೆ ಕಾರಣ ಬ್ರೆಟನೊಮೈಸಿಸ್ ಎಂಬ ಹುದುಗುಜೀವಿ. ೧೯೦೪ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯ ಕ್ಲಾಸೆನ್ ಎಂಬವರು ಇದನ್ನು ಇಂಗ್ಲೆಂಡಿನ ಹಳೆಯ ಬಿಯರಿನಲ್ಲಿ ಗುರುತಿಸಿ, ‘ಬ್ರಿಟಿಷ್ ಶಿಲೀಂಧ್ರ’ ಎಂಬರ್ಥದ ಈ ಹೆಸರಿಟ್ಟರು. ಆ ಬಿಯರಿಗೆ ಅದರದೇ ಆದ ರುಚಿ ಬರುವುದು ಇದರಿಂದಲೇ ಎಂದು ಅವರ ಅಭಿಪ್ರಾಯ. ಅಲ್ಲಿ ಅದು ಗುಣ. ದ್ರಾಕ್ಷಾರಸದಲ್ಲಿ ಅದೇ ಜೀವಿ ಹಣ್ಣಿನ ಸಹಜ ಆಮ್ಲಗಳಿಂದ ಎರಡು ವಸ್ತುಗಳನ್ನು ಮಾಡುತ್ತದೆ. ನಾಲ್ಕು-ಈಥೈಲ್ ಫೀನಾಲಿಗೆ ಲಾಯದ, ಔಷಧಪಟ್ಟಿಯ ವಾಸನೆ. ನಾಲ್ಕು-ಈಥೈಲ್ ಗ್ವಾಯಕಾಲಿಗೆ ಲವಂಗದ, ಹೊಗೆಯ ವಾಸನೆ. ಹುಳಿ ಕಡಮೆಯಿರುವ ರಸವೂ ಹಳೆಯ ಮರದ ಬಾನಿಯೂ ಈ ಜೀವಿಗೆ ಹಿತ. ಕೊಂಚವಿದ್ದರೆ ಸೊಗಸು ಎನ್ನುವವರುಂಟು; ಹೆಚ್ಚಾದರೆ ಹಣ್ಣನ್ನೆಲ್ಲ ಮುಚ್ಚಿಬಿಡುತ್ತದೆ. ‘ಕೊಂಚ’ ಎಲ್ಲಿ ಮುಗಿದು ‘ಹೆಚ್ಚು’ ಎಲ್ಲಿ ಆರಂಭವೆಂಬುದು ಮೂಗಿನಿಂದ ಮೂಗಿಗೆ ಭೇದ. ನಮ್ಮ ಮಿತ್ರರು ಸುಳ್ಳಾಡಲಿಲ್ಲ, ನಮ್ಮಾಕೆಯೂ ಆಡಲಿಲ್ಲ.

‘ಮಣ್ಣಿನ ವಾಸನೆ’ ಎಂದಾಗ ತೋಟದ ಮಣ್ಣೇ ಬೇರಿನಿಂದ ಏರಿ ಲೋಟಕ್ಕೆ ಬಂದಿತೆಂದು ಭಾವಿಸುವವರಿದ್ದಾರೆ. ಹಾಗಲ್ಲ. ನೆಲದ ಗುಣ ಬಳ್ಳಿಯ ಬೆಳವಣಿಗೆಯ ಮೇಲೆ ಪರಿಣಾಮ ಮಾಡೀತು. ವಾಸನೆಯನ್ನು ಮಾಡುವವು ಹುದುಗು, ಮರ ಮತ್ತು ಕಾಲ. ನಿಜವಾದ ಮಣ್ಣಿನ ವಾಸನೆಯ ವಸ್ತುವಿಗೆ ಜಿಯೋಸ್ಮಿನ್ ಎಂದು ೧೯೬೫ರಲ್ಲಿ ಹೆಸರಿಟ್ಟರು. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ತಯಾರಿಸುತ್ತವೆ. ಮೊದಲ ಮಳೆ ಬಿದ್ದಾಗ ನಮ್ಮ ಎದೆ ಅರಳಿಸುವ ಕಂಪಿನಲ್ಲಿ ಅದರ ಪಾಲು ದೊಡ್ಡದು. ನೀರಿನ ಲಕ್ಷ ಕೋಟಿ ಭಾಗದಲ್ಲಿ ಹತ್ತು ಭಾಗ ಬೆರೆತರೂ ಮನುಷ್ಯನ ಮೂಗು ಹಿಡಿಯುತ್ತದೆ. ಉತ್ತರ ಪ್ರದೇಶದ ಕನೌಜಿನಲ್ಲಿ ಸುಟ್ಟ ಮಣ್ಣಿನ ಬಿಲ್ಲೆಗಳನ್ನು ಬಟ್ಟಿಯಿಳಿಸಿ, ಆ ಕಂಪನ್ನು ಶ್ರೀಗಂಧದ ಎಣ್ಣೆಗೆ ಹಿಡಿದು ಅತ್ತರು ಮಾಡುತ್ತಾರೆ. ಆದರೆ ಅದೇ ಜಿಯೋಸ್ಮಿನ್ ಕೊಳೆತ ಹಣ್ಣಿನ ಬೂಷ್ಟಿನಿಂದ ದ್ರಾಕ್ಷಾರಸಕ್ಕೆ ಸೇರಿದರೆ ಬೀಟ್‌ರೂಟಿನ ನಾತವೆಂದು ದೋಷದ ಪಟ್ಟಿಗೆ ಹಾಕುತ್ತಾರೆ. ವಸ್ತು ಒಂದೇ. ಅಂಗಳದಲ್ಲಿ ಕಂಪು, ಅತ್ತರಿನಲ್ಲಿ ಹಣ, ಲೋಟದಲ್ಲಿ ನಾತ!

ಹಾಗಾದರೆ ಕೆಟ್ಟದ್ದು ಎಂಬುದೇ ಇಲ್ಲವೆ? ಇದೆ, ಮತ್ತು ಅದನ್ನು ತಿಳಿಯುವುದು ಕಷ್ಟವಲ್ಲ. ಒದ್ದೆ ರಟ್ಟಿನ ವಾಸನೆಯಿದ್ದು, ಗಾಳಿಗೆ ಬಿಟ್ಟಷ್ಟೂ ಹೆಚ್ಚಿದರೆ ಅದು ಬಿರಡೆಯ ದೋಷ. ಆ ವಿಷಯದಲ್ಲಿ ಎರಡು ಪಕ್ಷವಿಲ್ಲ. ಮೂಗಿಗೆ ವಿನಿಗರ್ ಹೊಡೆದರೆ ಹುಳಿತಿದೆ. ಹಣ್ಣಿನ ಸುಳಿವೇ ಇಲ್ಲದೆ ಬರೀ ಲಾಯವೇ ಉಳಿದರೆ ಹುದುಗುಜೀವಿ ಯಜಮಾನನಾಗಿದೆ. ಆದರೆ ಗಾಳಿಯಾಡಿದಂತೆ ವಾಸನೆ ತಿಳಿಯಾಗಿ, ಹಣ್ಣು ಮೇಲೆದ್ದು, ನಾಲಿಗೆಯ ಮೇಲೆ ರಸ ಉಳಿದರೆ, ಅದು ಮುದಿತನ, ಕೊಳೆತವಲ್ಲ. ಅಂದಿನ ಸೀಸೆ ಈ ಕೊನೆಯ ಜಾತಿಯದು. ಆದ್ದರಿಂದ ‘ನನಗೆ ಹಿಡಿಸಲಿಲ್ಲ’ ಎಂಬುದು ಮಿತ್ರರ ಹಕ್ಕು. ‘ಕೆಟ್ಟುಹೋಗಿದೆ’ ಎಂಬುದು ಸತ್ಯವಲ್ಲ. ಮೊದಲಿನದನ್ನು ಕೇಳಿದ್ದರೆ ತಂದವರು ನಕ್ಕುಬಿಡುತ್ತಿದ್ದರು.

ಹೊರನಾಡಿನ ಬಾಡಿಗೆ ಮನೆಗಳಲ್ಲಿ ಬಾಳುವ ನಮಗೆ ಈ ಎರಡು ಮಾತುಗಳ ಅಂತರ ದುಬಾರಿ ವಿದ್ಯೆ. ಮಲೆನಾಡಿನವರ ಕಳಲೆ, ಕರಾವಳಿಯವರ ಒಣಮೀನು, ಬಯಲುಸೀಮೆಯವರ ಹುರುಳಿಕಟ್ಟು ಒಲೆಯ ಮೇಲೇರಿದಾಗ, ಮೇಲಿನ ಅಂತಸ್ತಿನವರು ಕಿಟಕಿ ಮುಚ್ಚಿ ‘ಏನೋ ಕೊಳೆತಿದೆ’ ಎಂದದ್ದನ್ನು ನಮ್ಮಲ್ಲಿ ಎಷ್ಟು ಜನ ಕೇಳಿಲ್ಲ? ಹಾಗೆಂದು ನಾವೂ ಸಾಚಾಗಳಲ್ಲ. ನಾಗಾ ನೆರೆಯವರು ಹುದುಗಿಸಿದ ಸೋಯಾ ಕಾಳಿನ ಅಖುನಿಯನ್ನು ಬೇಯಿಸಿದರೆ ಮನೆಯ ಮಾಲೀಕರಲ್ಲಿಗೆ ದೂರು ಒಯ್ಯುವವರಲ್ಲಿ ಕನ್ನಡಿಗರೂ ಇದ್ದಾರು. ದಿಲ್ಲಿಯ ಈ ಸಂಕಟವನ್ನೇ ಕತೆ ಮಾಡಿಕೊಂಡು ೨೦೧೯ರಲ್ಲಿ ಒಂದು ಚಲನಚಿತ್ರ ಬಂದಿತು. ಬೀಗ ಹಾಕಿಸಿಕೊಂಡು ಮನೆ ಬಿಡುವವರಿಗೆ ಅದು ರುಚಿಯ ವಾದವಲ್ಲ, ಸೂರಿನ ಪ್ರಶ್ನೆ.

ಇಲ್ಲಿ ಹುಟ್ಟಿದ ನಮ್ಮ ಮಕ್ಕಳ ಮಾತನ್ನೂ ಹೇಳಬೇಕು. ಊರಿನಿಂದ ಅಜ್ಜಿ ಕಳಿಸಿದ ಮೂರು ವರುಷದ ಉಪ್ಪಿನಕಾಯಿಯ ಭರಣಿ ತೆಗೆದರೆ ‘ಛೀ, ಕೆಟ್ಟಿದೆ’ ಎಂದು ಓಡುತ್ತವೆ. ತಿನ್ನಲೇಬೇಕೆಂದು ಬಲಾತ್ಕಾರ ಬೇಡ, ನಾಲಿಗೆ ಅವರದು. ಆದರೆ ‘ನನಗೆ ಬೇಡ’ ಎಂದು ಹೇಳಲು ಕಲಿಸೋಣ. ಅಷ್ಟು ಹೇಳಿ, ಒಂದು ಗಳಿಗೆ ತಡೆದು, ಇನ್ನೊಮ್ಮೆ ಮೂಸಿ ನೋಡುವ ತಾಳ್ಮೆಯನ್ನೂ ಕಲಿಸಿದರೆ ಭರಣಿಯ ಅಜ್ಜಿಗೂ, ಮೇಲಿನ ಅಂತಸ್ತಿನ ನೆರೆಯವರಿಗೂ, ಎಲ್ಲಿಂದಲೋ ಸೀಸೆ ಹೊತ್ತು ತಂದ ಬಂಧುವಿಗೂ ಒಂದೇ ಸಲ ನ್ಯಾಯ ಸಿಕ್ಕೀತು.